ಎರಡು ಜಾಳಗಿ ನಡುವ

ಮೇ ತಿಂಗಳ ಬೆಂಕ್ಯಾಗ ಕಲ್ಲು ಎಬ್ಬಿಸಿದ ಮಷೀನ
ಬಿಳಿಜ್ವಾಳ ಹಾಲಗಾಳಾಗೂ ಥಂಡ್ಯಾಗ ಕುದೀಲತ್ತದ ಅಂದ್ರ
ಯಾರು ನಂಬ್ತಾರ?
ಮಾಲಕ ನಂಬಿದ್ದಿಲ್ಲ.
"ಮಷೀನ ಅಲ್ಲೋ, ಸಾಯಬಣ್ಣಂದೇ ತಲಿ ಗರಂ ಆಗ್ಯಾದ,
ಕೆಲಸ ಕದೀಲಿಕ್ಕ ನೆವ" ಅಂತ
ಫೋನಿನ್ಯಾಗ ನನಗ ಹೇಳಿದ.

ಶಹಾಬಾದ ದಾಟಿ, ಕಾಗಿಣಾ ದಂಡಿ ಹಿಡದು
ಫರಸಿ ಖಣಿ ಮುಟ್ಟಿದಾಗ ಹನ್ನೊಂದಾಗಿತ್ತು.
ಯಾವ ಕಂಪನೀದೇ ಇರವಲ್ದ್ಯಾಕ, ನಮ್ಮ ಕಡಿ ಎಲ್ಲಾ ಹಿಟಾಚಿನೇ.
ಬಕೀಟು ನೆಲಕ್ಕ ಊರಿ ನಿಂತಿತ್ತು,
ನೀರಿಗಿ ಬಾಗಿದ ಎಮ್ಮಿ ಹಂಗ.

ನನಗಿಂತ ಮೊದಲ ಬಂದವ್ರು
ಥರ್ಮೋಸ್ಟ್ಯಾಟ್ ಕಿತ್ತು ಬಿಸಾಕಿದ್ರು,
ನೀರಿನ ಪಂಪ್ ಹೊಸಾದು ಹಾಕಿದ್ರು,
ಇನ್ನ ಹೆಡ್ ಬಿಚ್ಚೂದೊಂದೇ ಬಾಕಿ, ಎಂಬತ್ತು ಸಾವಿರ, ಅಂದಿದ್ರು.

ಬಿಚ್ಚೂದು ಕಡೀಕ, ಮೊದಲ ಕೇಳೂದು ಅಂತಿದ್ದ ಉಸ್ತಾದ ಲಾಡ್ಲೇಸಾಬ.
ಪಾನಾ ಕೈಗಿ ಕೊಡೂಕಿಂತ ಮೊದಲ ಒಂದು ವರ್ಷ
ಬರೇ ಕೇಳ್ಲಿಕ್ಕ ಕುಂದ್ರಸಿದ್ದ ನನ್ನ.

ತಣ್ಣಗಾಗೂತನ ಒಂದು ತಾಸು ಕಾದೆ.
ಡಿಪ್‌ಸ್ಟಿಕ್ ಎಳದು ಬೆರಳಿಗಿ ಒರಸಿದೆ:
ಆಯಿಲ್ ಕರ್ರಗದ, ಹಾಲು ಬೆರತಿಲ್ಲ.
ಚಾಲೂ ಮಾಡಿಸಿ ಟ್ಯಾಂಕಿನ ಬಾಯಾಗ ಇಣುಕಿದೆ:
ಗುಳ್ಳಿ ಇಲ್ಲ. ಗ್ಯಾಸ್ಕೆಟ್ ಬಡಪಾಯಿ ಬದುಕೇ ಅದ.
ಬೆಲ್ಟು ಬಿಗಿ. ಮ್ಯಾಲಿನ ಪೈಪು ಸುಡ್ತದ, ಕೆಳಗಿಂದೂ ಸುಡ್ತದ.
ನೀರು ತಿರಗ್ಲತ್ತದ, ಆದ್ರ ಆರವಲ್ದು.

ಆಗ ನೋಡಿದೆ, ಕ್ಯಾಬಿನ್ ಬಾಗಲ ಒಳಗ
ಸೀಮೆಸುಣ್ಣದ ಅಂಕಿ.
ಕಾಟಾ ಕೆಂಪಿಗಿ ಬಂದ ಯಾಳೆ, ದಿನಕ್ಕೊಂದು.
ಒಂದೂ ಹತ್ತು. ಹನ್ನೆರಡೂ ಐವತ್ತು. ಹನ್ನೆರಡೂ ಕಾಲು.
"ಯಾಕ ಬರದಿಯೋ ಇದು?"
"ನನ್ನ ಮಾತ ಯಾರೂ ಕೇಳಂಗಿಲ್ರಿ, ಅಂಕೀದರೇ ಕೇಳ್ಯಾರಂತ."
"ಮಾಲಕಗ ತೋರಸಿದಿ?"
"ಅವ್ರು ಬಾಗಲ ತಕ ಬರಂಗಿಲ್ರಿ."

ಯಾಳೆ ದಿನಾ ಹಿಂದಕ್ಕ ಸರದದ,
ಒಂದೇ ಕಡಿ ನಿಂತದ:
ಹನ್ನೊಂದೂ ನಲವತ್ತು, ಮತ್ತ ಹನ್ನೊಂದೂ ನಲವತ್ತು.
"ಅವತ್ತೇನಿತ್ತು?"
"ಎಳ್ಳಮಾಸಿ ರೀ. ನಾ ಒಬ್ಬನೇ ದುಡದೆ.
ಬಾಜೂ ಹೊಲದವ್ರು ಬಜ್ಜಿ, ಸಜ್ಜಿರೊಟ್ಟಿ ತಂದು ಕೊಟ್ರು."

ಬಾಜೂ ಹೊಲ.
ತಿರುಗಿ ನೋಡಿದೆ. ತೊಗರಿ ರಾಶಿ ನಡದಿತ್ತು,
ಹೊಟ್ಟು ಮುಗಲಿಗಿ ಹಾರತಿತ್ತು,
ಮೂಡಗಾಳಿ ಅದನ್ನ ಹೊತಗೊಂಡು ನಮ್ಮ ಕಡೀಗೇ.

"ರೇಡಿಯೇಟರ್‌ಗಿ ದಿನಾ ಸಂಜೀಕ ಕಂಪ್ರೆಸರ್ ಗಾಳಿ ಹೊಡೀತೀನ್ರಿ,
ಕನ್ನಡಿ ಹಂಗ ಇಟ್ಟೀನಿ."
ಖರೇನೇ. ಮುಂದ ಕನ್ನಡಿ, ಹಿಂದ ಕನ್ನಡಿ.
ಹಳೀ ಪೇಪರಿನ ಹಾಳಿ ಹಿಡದೆ ಜಾಳಗಿಗಿ:
ಫ್ಯಾನು ಉಸರೆಳದ್ರ ಅದು ಅಂಟಬೇಕು.
ಜಾರಿ ಕಾಲಾಗ ಬಿತ್ತು.

ನಾಕು ಬೋಲ್ಟ್ ಸಡ್ಲ ಮಾಡಿ
ಆಯಿಲ್ ಕೂಲರ್ ಒಂದು ಗೇಣು ಮುಂದ ವಾಲಿಸಿದೆ.
ಎರಡು ಜಾಳಗಿ ನಡುವ, ಯಾರ ಕಣ್ಣಿಗೂ ಬೀಳದ ಸಂದಿನ್ಯಾಗ
ಹೊಟ್ಟು, ಫರಸಿ ಧೂಳು, ಆಯಿಲ್ ಜಿಡ್ಡು
ಕೂಡಿ ಕಂಬಳಿ ಆಗಿತ್ತು.

ಸಾಯಬಣ್ಣ ಮುಟ್ಟಿ ನೋಡಿದ. ತಿಳೀತು ಅವಗ.
ಮುಂದಿಂದ ಹೊಡದ ಗಾಳಿ, ಒಂದಿನಾ ತಪ್ಪದಂಗ ಹೊಡದ ಗಾಳಿ,
ಒಳಗೊಳಗ ತುರುಕಿತ್ತು ಅದನ್ನ.
ನಾ ಏನೂ ಅನಲಿಲ್ಲ.
ಚಹಾ ತರತೀನಂತ ಹೋದ,
ಚಹಾ ಇಲ್ದೇ ಬಂದ.

ಎರಡು ಪುಟ್ಟಿ ತುಂಬಿತು.
ಸಂಜಿ ತನಕ ಓಡಿಸಿದ್ವಿ, ನಡುವ ಕುಂತ ಕಾಟಾ ಏಳಲಿಲ್ಲ.
ಹೊಸಾ ಥರ್ಮೋಸ್ಟ್ಯಾಟ್ ಸೇರಿ ಬಿಲ್ಲು ಮೂರು ಸಾವಿರ.
ಮಾಲಕ ಫೋನಿನ್ಯಾಗ ಕೇಳಿದ್ದು ರೊಕ್ಕದ್ದಲ್ಲ:
"ತಪ್ಪು ಯಾರ್ದು?"
ಬಿಲ್ಲಿನ್ಯಾಗ ಕಾರಣ ಅಂತೊಂದು ಖಾನಿ ಇರ್ತದ.
ಅದರಾಗ ಬರದೆ: ಹೊಟ್ಟು.
"ಗಾಳೀದು ರೀ," ಅಂದೆ.
ಯಾವ ಗಾಳಿ ಅಂತ ಹೇಳಲಿಲ್ಲ.

ಗಾಡಿ ಹತ್ತೂಮುಂದ ಸಾಯಬಣ್ಣ ಬಂದ.
"ಹಂಗಾದ್ರ ಯಾವ ಕಡಿಂದ ಹೊಡೀಬೇಕ್ರಿ?"
"ಒಳಗಿಂದ ಹೊರಗ."
ಅಂವ ಬಾಗಲ ತೆರದ. ಅಂಕಿ ಒರಸಲಿಲ್ಲ.
ಅವುಗಳ ಕೆಳಗ ಒಂದು ಬಾಣ ಬರದ,
ಹೊರಗ ಮುಖ ಮಾಡಿ.