ಎಡಗಡೆಯ ಗಾಳಿ

"ಮೊಸಳೆಹೊಸಹಳ್ಳಿ ತನಕ ಓಡಿಸ್ಕೊಂಡು ಬನ್ನಿ ಮೇಡಂ,
ಸರಿ ಅನ್ಸಿದ್ರೆ ದುಡ್ಡು ಕೊಡಿ," ಅಂದ ಇಲಿಯಾಸ್,
ಬಾಯಲ್ಲಿ ಕಚ್ಚಿದ್ದ ಟಾರ್ಚು ತೆಗೆದು.
ನನ್ನ ಕಾರಿನ ಹೊಟ್ಟೆಯಿಂದ ಅವನು ಹೊರಗಿಟ್ಟದ್ದು
ಬೆಂಕಿಪೊಟ್ಟಣದಷ್ಟು ಒಂದು ಮೋಟರು,
ಹಲ್ಲುದುರಿದ ಬಿಳಿ ಚಕ್ರ,
ಮತ್ತೆ, ಇದಕ್ಕೂ ಅದಕ್ಕೂ ಸಂಬಂಧವಿಲ್ಲದ
ಒಣಗಿ ಮುರುಟಿದ ಆಲೂಗಡ್ಡೆ ಸಿಪ್ಪೆ.
ಮೊದಲ ಯಜಮಾನ ಮಂಡಿಯವನು.

ಕಾಯಿಲೆ ಇದ್ದದ್ದು ಇಷ್ಟೆ:
ಬಲಗಡೆ ಪುಷ್ಯಮಾಸ, ಎಡಗಡೆ ವೈಶಾಖ.
ಓಡಿಸುವವಳಿಗೆ ತಂಪು,
ಪಕ್ಕದವಳ ಮೊಣಕಾಲಿಗೆ ಒಲೆಯ ಬಾಯಿ.
ಜೊತೆಗೆ ಡ್ಯಾಶ್‌ಬೋರ್ಡಿನ ಹಿಂದೆ ಯಾವಾಗಲೂ
ಲೊಚ್, ಲೊಚ್, ಲೊಚ್.
"ನೋಡೇ, ಹಲ್ಲಿ ನುಡೀತು, ನಾನು ಹೇಳಿದ್ದು ನಿಜ"
ಅನ್ನುತ್ತಿದ್ದಳು ದಾಕ್ಷಾಯಿಣಿ.
ಡಿಎ ಬರುತ್ತೆ ಅಂದರೂ ಲೊಚ್,
ಹೆಡ್‌ಮಾಸ್ಟರಿಗೆ ವರ್ಗ ಅಂದರೂ ಲೊಚ್.
ಎರಡು ವರ್ಷ, ಹಾಸನದಿಂದ ಹೊಳೆನರಸೀಪುರ,
ಪೆಟ್ರೋಲು ಅರ್ಧ ಅರ್ಧ.

ಮಾರ್ಚಿಯಲ್ಲಿ ಕೇಳಿದಳು,
"ಅರ್ಧ ನಾನೂ ಕೊಡ್ತೀನಿ, ರಿಪೇರಿ ಮಾಡಿಸೇ."
"ನಂಗೇನೂ ಬಿಸಿ ಗೊತ್ತಾಗ್ತಿಲ್ವಲ್ಲ," ಅಂದೆ.
ಲೊಚ್.
ಅದೂ ನಿಜವೇ.
ಮರುದಿನದಿಂದ ಅವಳು ಬಸ್ಸು.

ಈಗ ಏಪ್ರಿಲ್, ಮಧ್ಯಾಹ್ನ ಎರಡೂವರೆ.
ಗಾಜು ಏರಿಸಿದೆ. ಇಪ್ಪತ್ತೆರಡಕ್ಕೆ ಇಟ್ಟೆ.
ನನ್ನ ಕಡೆ ತಂಪು. ಅದು ಯಾವತ್ತೂ ಇತ್ತು,
ಅದರಿಂದ ಏನೂ ಸಾಬೀತಾಗುವುದಿಲ್ಲ.
ಎಡಗೈ ಚಾಚಿದೆ, ಎದುರಿಗೆ ಜಲ್ಲಿ ಲಾರಿ, ಎಳೆದುಕೊಂಡೆ.

ರೈಲ್ವೆ ಗೇಟು ಹಾಕಿತ್ತು.
ಹ್ಯಾಂಡ್‌ಬ್ರೇಕ್ ಎಳೆದು, ಇಳಿದು, ಸುತ್ತಿ ಬಂದು
ನನ್ನದೇ ಕಾರಿನ ಎಡಗಡೆ ಕೂತೆ, ಮೊದಲ ಸಲ.

ಕಾಲು ಚಾಚಲು ಜಾಗ ಕಮ್ಮಿ.
ಬೆಳಿಗ್ಗೆ ಹೋಗುವಾಗ ಮೂಡಲ ಬಿಸಿಲು,
ಸಂಜೆ ಬರುವಾಗ ಪಡುವಣದ್ದು,
ಲೆಕ್ಕ ಹಾಕಿದರೆ ಎರಡೂ ಈ ಕಡೆಗೇ.
ಮೇಲಿನ ಕನ್ನಡಿ ಇಳಿಸಿದೆ,
ಮೂಲೆಯಲ್ಲಿ ಅವಳ ಸ್ಟಿಕ್ಕರು ಬೊಟ್ಟು.
ಬಾಗಿಲ ಜೇಬಿನಲ್ಲಿ ಬೀಸಣಿಗೆ ಮಾಡಿಕೊಂಡ ರಟ್ಟು,
"ಏಳನೇ ತರಗತಿ, ಬಿ ವಿಭಾಗ."
ನಾನು ನೋಡಿರಲಿಲ್ಲ.
ಒಂದು ಮೊಳ ದೂರದಲ್ಲಿದ್ದೆ.

ಮೊಣಕಾಲಿಗೆ ಗಾಳಿ ಬಂತು,
ಮಡಕೆಯ ಹೊರಮೈ ಮುಟ್ಟಿದ ಹಾಗೆ,
ರೈಲು ಪೂರ್ತಿ ದಾಟುವ ತನಕ.

ಇನ್ನು ಶಬ್ದ. ಕಿವಿಗೊಟ್ಟೆ. ಏನಿಲ್ಲ.
ಮಾತಾಡಿದರೆ ಬಂದೀತೇನೋ ಎಂದು
"ತಪ್ಪು ನಂದೇ ಕಣೇ ದಾಕ್ಷಾಯಿಣಿ" ಅಂದೆ, ಗಟ್ಟಿಯಾಗಿ.
ಡ್ಯಾಶ್‌ಬೋರ್ಡು ಸುಮ್ಮನಿತ್ತು.
ಬೇಕಾದಾಗ ನುಡಿಯದ ಹಲ್ಲಿ.
ಹಿಂದಿನ ಟೆಂಪೋದವನು ಹಾರನ್ನು ಒತ್ತಿಯೇ ಒತ್ತಿದ.
ಗೇಟು ತೆಗೆದಿತ್ತು,
ಸ್ಟೇರಿಂಗಿನ ಮುಂದೆ ಯಾರೂ ಇರಲಿಲ್ಲ.

"ಶಬ್ದ ಬಂತಾ ಮೇಡಂ?"
"ಇಲ್ಲ."
"ಎಡಗಡೆ?"
"ತಂಪಾಗಿದೆ."
"ಹಂಗಾದ್ರೆ ಮುಗೀತು ಬಿಡಿ."

ಮೂರು ಸಾವಿರದ ನಾನೂರು ಎಣಿಸಿ ಕೊಟ್ಟೆ.
ಅರ್ಧ ಅವಳದ್ದು ಅಂದಿದ್ದಳಲ್ಲ,
ಸಾವಿರದ ಏಳುನೂರು ಕೊಡೇ ಅಂತ
ಸಂಜೆ ಫೋನು ಮಾಡಲೇ?
ಬೈಯುತ್ತಾಳೆ.
ಬೈಯಲಿ.