ಮುಂಬಾಗಿಲಿಂದ ಒಂದು ಟಿಕೆಟ್

ಮುಹರಕ್‌ನ ಗಲ್ಲಿಗಳು ನನಗೆ ಬಾಯಿಪಾಠ,
ಆದರೆ ಬೆನ್ನಿನ ಕಡೆಯಿಂದ.
ಒಂಬತ್ತು ವರ್ಷ, ದಿನಕ್ಕೆ ಎಪ್ಪತ್ತು ಕ್ಯಾನು ನೀರು;
ಎಡಹೆಗಲು ಬಲಕ್ಕಿಂತ ಒಂದು ಬೆರಳು ಕೆಳಗೆ.

ಹಲ್ವಾದಂಗಡಿ ಎಂದರೆ ಹಿತ್ತಲ ನಾಲ್ಕು ಮೆಟ್ಟಿಲು,
ಮೂರನೆಯದು ಮುಕ್ಕು;
ಒಳಗೆ ಯಾರೋ ಹಂಡೆಯ ತಳ ಕೆರೆಯುವ ಸದ್ದು.
ಅರಾದ್ ಕೋಟೆ ಎಂದರೆ ಕಾವಲಿನವನ ಕೋಣೆ, ವಾರಕ್ಕೆರಡು.
ಚಳಿಗಾಲದ ಉತ್ಸವ ಎಂದರೆ ವೇದಿಕೆಯ ಬೆನ್ನಿಗೆ,
ಜನರೇಟರಿನ ಪಕ್ಕ ಇಳಿಸಿ ಬಂದ ಹನ್ನೆರಡು.
ಡೋಲಿನ ಸದ್ದು ಕೇಳಿದ್ದೇನೆ. ಬಡಿವ ಕೈ ಕಂಡಿಲ್ಲ.

ಹಿತ್ತಲ ಗಿಡ ಮದ್ದಲ್ಲ, ಸರಿ.
ಊರಿಗೆ ಊರೇ ಹಿತ್ತಲಾದವನು
ಮದ್ದಿಗೆ ಎಲ್ಲಿಗೆ ಹೋಗಬೇಕು?
ನೋಡುವಂಥದ್ದೆಲ್ಲ ದುಬೈಯಲ್ಲಿದೆ ಎಂದು
ನಮ್ಮ ಕೋಣೆಯ ಆರೂ ಮಂಚಗಳ ತೀರ್ಮಾನ.
ಆರರಲ್ಲಿ ಒಬ್ಬನೂ ದುಬೈ ಕಂಡವನಲ್ಲ.

ಮೊನ್ನೆ ಮಂಗಳವಾರ ಲಾರಿ ಗ್ಯಾರೇಜು ಸೇರಿತು.
ಡ್ರೈವರ್ ಮೊಫಿಜುಲ್ ಮುಸುಕೆಳೆದು ಮಲಗಿದ.
ನಾನು, ಯಾಕೋ ಏನೋ,
ಊರಿಗೆ ಹೋಗುವಾಗ ಹಾಕಲೆಂದಿಟ್ಟ ಅಂಗಿಗೆ
ಇಸ್ತ್ರಿ ಹಾಕಿದೆ.

ಮೂಲೆಯ ತಿಂಡಿಮನೆಗೆ ಮೊದಲ ಸಲ ಬೀದಿಯಿಂದ ಹೊಕ್ಕೆ.
ಒಳಗೆ ನೀಲಿ ಬೆಂಚುಗಳಿದ್ದವು! ನನಗೆ ಗೊತ್ತೇ ಇರಲಿಲ್ಲ.
ಪಕ್ಕದ ಮೇಜಿನವರ ತಟ್ಟೆಗೆ ಬೆರಳು ತೋರಿಸಿದೆ.
ಬಂತು: ಶಾವಿಗೆ.
ಅಬ್ಬ, ಗೊತ್ತಿದ್ದ ಮುಖ, ಎಂದು ಬಾಯಿಗಿಟ್ಟರೆ
ಸಿಹಿ, ಏಲಕ್ಕಿ, ಕೇಸರಿ,
ಮೇಲೆ ಹೊದಿಕೆಯಂತೆ ಉಪ್ಪುಪ್ಪು ಆಮ್ಲೆಟ್ಟು.
ಅಮ್ಮ ಕಂಡಿದ್ದರೆ ಬಾಣಲೆಯನ್ನೇ ಕಸಿದುಕೊಳ್ಳುತ್ತಿದ್ದಳು.
ನಾಲ್ಕನೇ ತುತ್ತಿಗೆ ಸಿಟ್ಟು ಇಳಿಯಿತು.
ಏಳನೆಯದಕ್ಕೆ, ನಿಜ ಹೇಳುತ್ತೇನೆ, ಇನ್ನೊಂದು ತಟ್ಟೆ ಹೇಳಿದೆ.
ಬಲಾಲೀತ್ ಅಂತೆ ಹೆಸರು. ಅದು ಬೇಯುವ ನೀರು
ಒಂಬತ್ತು ವರ್ಷದಿಂದ ನಾನೇ ಹೊತ್ತದ್ದು.

ಹಲ್ವಾದಂಗಡಿಗೆ ಹಸಿರು ಬಾಗಿಲು, ಮೇಲೆ ಬಣ್ಣದ ಗಾಜು.
ಎದುರಿನಿಂದ ಬಂದವರಿಗೆಲ್ಲ ಚಮಚದ ತುದಿಯಲ್ಲಿ
ರುಚಿ ನೋಡಲು ಕೊಡುತ್ತಾರೆ, ಪುಕ್ಕಟೆ.
ಎಷ್ಟು ಸಾವಿರ ಚಮಚ ತಪ್ಪಿಸಿಕೊಂಡೆನೋ,
ಲೆಕ್ಕಕ್ಕೆ ನಿಂತವನು ಬಿಟ್ಟುಬಿಟ್ಟೆ.

ಅಲ್ಲಿಂದ ಮೂರು ತಿರುವು, ಮುತ್ತಿನ ವ್ಯಾಪಾರಿಯ ಹಳೇ ಮನೆ.
ಈಗ ಮ್ಯೂಸಿಯಂ; ನನ್ನ ಪುಸ್ತಕದಲ್ಲಿ
ಸೋಮವಾರ ಮೂರು, ಗುರುವಾರ ಎರಡು.
ಟಿಕೆಟ್ ಕೊಡುವ ಬದ್ರಿಯಾ ತಲೆಯೆತ್ತದೆ ಅಂದಳು:
ನೀರು ಹಿಂದಗಡೆ.
ನೀರಲ್ಲ, ಅಂದೆ. ಒಂದು ಟಿಕೆಟ್.
ಆಗ ಅಂಗಿ ನೋಡಿದಳು. ಆಮೇಲೆ ಮುಖ.

ಗಾಜಿನ ಪೆಟ್ಟಿಗೆಗಳಲ್ಲಿ
ಮುಳುಗುವವರ ಮೂಗಿನ ಚಿಮಟ, ಕಾಲಿಗೆ ಕಟ್ಟುವ ಕಲ್ಲು,
ಸಾಸಿವೆಯಷ್ಟು ಮುತ್ತನ್ನೂ ಜರಡಿ ಹಿಡಿವ ತಾಮ್ರದ ಬಟ್ಟಲು.
ಕೊನೆಯ ಮೂಲೆಯಲ್ಲಿ ಒಂದು ತೊಗಲಿನ ಚೀಲ,
ಒಣಗಿ ಸುಕ್ಕಾದದ್ದು. ಅಲ್ಲಿ ಯಾರೂ ನಿಲ್ಲುವುದಿಲ್ಲ.

ಬದ್ರಿಯಾ ಎದ್ದು ಬಂದಳು. ಅಜ್ಜ ಹೇಳುತ್ತಿದ್ದನಂತೆ:
ಉಪ್ಪುಕಡಲ ತಳದಲ್ಲಿ ಸಿಹಿನೀರಿನ ಒರತೆಗಳಿದ್ದವು;
ಒಬ್ಬ ಈ ಚೀಲ ಹಿಡಿದು ಮುಳುಗುತ್ತಿದ್ದ,
ಒರತೆಯ ಬಾಯಿಗೆ ಚೀಲದ ಬಾಯಿ ಕೊಟ್ಟು ತುಂಬಿಸಿ
ಬಿಗಿದು ಕಟ್ಟಿ ಮೇಲೆ ಬರುತ್ತಿದ್ದ,
ಹಡಗಿನ ಅಷ್ಟೂ ಗಂಟಲಿಗೆ.

ಗಾಜಿಗೆ ಹಣೆ ಹಚ್ಚಿ ನಿಂತೆ.
ವ್ಯಾಪಾರಿಯ ಚಿತ್ರ ಇತ್ತು ಗೋಡೆಯ ಮೇಲೆ,
ಮುತ್ತು ತಂದವರ ಸಾಲದ ಲೆಕ್ಕ ಕೂಡ ಇತ್ತು.
ನೀರು ತಂದವನ ಹೆಸರಿಲ್ಲ.
ಒಂದು ದಿನಕ್ಕೆ ಎಷ್ಟು ಚೀಲ? ಕೂಲಿ ಬೇರೆಯೋ, ಸೇರಿಸಿಯೋ?
ಅದನ್ನೆಲ್ಲ ಅಜ್ಜ ಹೇಳಲಿಲ್ಲ, ಅಂದಳು.
ಅವನ ಯಾವ ಹೆಗಲು ಇಳಿದಿತ್ತೋ.
ಅವನ ಹಿಂಬಾಗಿಲು
ಸಮುದ್ರದ ತಳದಲ್ಲಿತ್ತು.

ರಾತ್ರಿ ಮೊಫಿಜುಲ್ ಕೇಳಿದ: ಏನಿತ್ತು ಅಲ್ಲಿ?
ನೀರು, ಅಂದೆ.
ನೀರು ನೋಡಲು ದುಡ್ಡು ಕೊಟ್ಟೆಯಾ, ಎಂದು
ಮಂಚ ಕಿರುಗುಟ್ಟುವಷ್ಟು ನಕ್ಕ.
ದೀಪ ಆರಿಸಿ ಬಹಳ ಹೊತ್ತಾದ ಮೇಲೆ, ಮೆಲ್ಲಗೆ:
ಆ ಶಾವಿಗೆಗೆ ಎಷ್ಟಂತೆ?