ಕಲಂ ಏಳು

ನಮೂನೆ ಬಂದದ್ದು ಕಡಲ ಕಡೆಯಿಂದ.
ಹೆಸರು ಬದಲಿಸಿದ್ದಾರೆ, ಅಷ್ಟೆ.
ಸಮುದ್ರ ಎಂದಿದ್ದಲ್ಲಿ ಹಿನ್ನೀರು ಎಂದು,
ಅದೂ ಎಲ್ಲ ಕಡೆಯಲ್ಲ.
ಕಲಂ ಏಳು ಇನ್ನೂ ಕೇಳುತ್ತಿದೆ:
ಉಬ್ಬರ ಇಳಿತಗಳ ನಡುವಿನ ಅಂತರ ಎಷ್ಟು?
ದಿನಕ್ಕೆ ಎಷ್ಟು ಸಲ?

ನಾನು ನವನಗರದ ಸೆಕ್ಟರಿನಲ್ಲಿ ಬೆಳೆದವ.
ಕಡಲು ನೋಡಿದ್ದು ಒಮ್ಮೆ, ಕಾಲೇಜಿನ ಟ್ರಿಪ್ಪಿನಲ್ಲಿ,
ಅವತ್ತೂ ಎಲ್ಲರ ಚಪ್ಪಲಿ ಕಾಯುವ ಪಾಳಿ ನನ್ನದಾಗಿತ್ತು.

ಹಳೇ ಬಾಗಲಕೋಟೆಯ ಅಂಚು. ಬೆಳಗಿನ ಏಳು.
ಫೈಲು, ನಕ್ಷೆ, ಎರಡು ಬಿಸ್ಕೀಟು ಪುಡಾ.
ಹೊಳೆಬಸವ್ವ ಅಂಬಿಗೇರ ದೋಣಿಯ ನೀರು ತೋಡುತ್ತಿದ್ದಳು
ಪೇಂಟಿನ ಡಬ್ಬಿಯಿಂದ.
‘ನಡುವ ಕುಂದರ್ರಿ. ಫೈಲಾ ಕೊಡ್ರಿ ಇಲ್ಲೆ,
ನೀವು ಬಿದ್ರ ಈಜತೀರಿ, ಅದು ಈಜಂಗಿಲ್ಲ.’
ನನಗೂ ಈಜು ಬರುವುದಿಲ್ಲ ಎಂದು ಹೇಳಲಿಲ್ಲ.

ಆಳ ಅಳೆಯುವ ಯಂತ್ರ ಇನ್ನೂ ಟೆಂಡರಿನಲ್ಲಿದೆ.
ಅವಳ ಹಗ್ಗವೇ ಗತಿ; ತುದಿಗೆ ತಕ್ಕಡಿಯ ಎರಡು ಕಿಲೋ ಕಲ್ಲು.
ಬಿಟ್ಟು, ಎಳೆದು, ಎರಡೂ ಕೈ ಚಾಚಿ
ಎದೆಯ ಮೇಲೆ ಅಳೆಯುತ್ತಾಳೆ,
ಒಂದು ಮಾರು, ಎರಡು ಮಾರು, ಮ್ಯಾಲೊಂದು ಗೇಣು.
ನಾನು ಮೀಟರಿಗೆ ಇಳಿಸುತ್ತೇನೆ.
ನನ್ನ ಮಾರು ಅವಳದಕ್ಕಿಂತ ಉದ್ದ ಎಂದು ಹೊಳೆದದ್ದು
ಹದಿನೇಳನೇ ಬಿಂದುವಿನ ನಂತರ.
ಸುಮ್ಮನಿದ್ದೆ.

‘ಇಲ್ಲೆ ಜೆಟ್ಟಿ ಬ್ಯಾಡ್ರಿ, ಕೆಳಗ ಗಾಣದ ಕಲ್ಲ ಐತಿ.
ಅಲ್ಲೂ ಬ್ಯಾಡ, ಹುಣಚೀ ಗಿಡ,
ಎಲಿ ಹೋಗ್ಯಾವ, ಟೊಂಗಿ ಇನ್ನಾ ಬಲಿ ಹಿಡೀತಾವ.
ಇದು? ಇದು ಅಂಚೀ ಕಚೇರಿ ಕಟ್ಟಿ.
ಬೇಕಾರ ಇಲ್ಲೆ ಹಾಕ್ರಿ, ಗಟ್ಟಿ ಐತಿ.’
ನಕ್ಷೆಯಲ್ಲಿ ಬರೆದೆ: ಬಿಂದು ೨೩, ತಳ ಗಟ್ಟಿ, ಯೋಗ್ಯ.

ಅಂದಾಜು ಪಟ್ಟಿ ಓದಿ ಹೇಳೆಂದಳು.
ಜೀವರಕ್ಷಕ ಜಾಕೀಟು ಅರವತ್ತು,
ಟಿಕೀಟಿನ ಕಿಟಕಿ ಒಂದು, ಸೆಲ್ಫಿ ಕಟ್ಟೆ ಎರಡು,
ಹಂಸದ ಆಕಾರದ ಪೆಡಲ್ ದೋಣಿ ಹನ್ನೆರಡು.
ಹುಟ್ಟು ನಿಲ್ಲಿಸಿದಳು.
‘ಹಂಸ?’

ದೂರದ ದಿಬ್ಬದ ಅಂಚಿಗೆ
ಕಚ್ಛದ ಉಪ್ಪುನೆಲದಿಂದ ಬಂದ ರಾಜಹಂಸಗಳು,
ನೂರೋ ನೂರೈವತ್ತೋ,
ಒಂದೊಂದೂ ನೀರೊಳಗಿನ ತನ್ನ ಬಾಯಿಗೆ ಬಾಯಿಟ್ಟು.

‘ಖರೇ ಹಕ್ಕಿ ತಾವಾಗಿ ಬರ್ತಾವು,
ಸುಳ್ಳ ಹಕ್ಕಿ ರೊಕ್ಕಾ ಕೊಟ್ಟ ಯಾಕ ತರ್ತೀರಿ?
ಆ ದಿಬ್ಬದ ಕಡೆ ಇಂಜನ್ನಿನ ದೋಣಿ ಬಿಡಬ್ಯಾಡ್ರಿ.
ಬರಕೊಳ್ರಿ ಅದನ್ನ. ಬರದ್ರಿ?’
ಬರೆದೆ. ಅದಕ್ಕೆ ಕಲಂ ಇರಲಿಲ್ಲ,
ಹಾಳೆಯ ಅಂಚಿನಲ್ಲಿ ಬರೆದೆ.

ದಡಕ್ಕೆ ಬರುವ ಹೊತ್ತಿಗೆ ಕಲಂ ಏಳನ್ನು ಕೇಳಿದೆ.
ನಗುತ್ತಾಳೆ ಅಂದುಕೊಂಡಿದ್ದೆ; ನಗಲಿಲ್ಲ.
‘ನಮ್ಮ ನೀರೂ ಏರತೈತ್ರಿ, ಇಳೀತೈತಿ.
ದಿನಕ್ಕಲ್ಲ, ವರ್ಷಕ್ಕೊಮ್ಮೆ.
ಶ್ರಾವಣದಾಗ ಆಲಮಟ್ಟಿ ಗೇಟ ಮುಚ್ಚಿದ್ರ
ಬಂದು ಆ ಜಾಲಿಗಿಡಾ ಮುಟ್ಟತೈತಿ.
ಯುಗಾದಿ ಹೊತ್ತಿಗೆ, ನಾವು ಕುಂತ ಈ ಜಾಗಾದಾಗ
ನನ್ನ ನೆಗೆಣ್ಣಿ ಸವತೀಕಾಯಿ ಹಚ್ಚಿರತಾಳ.
ಸಿಮೆಂಟಿನ ಕಂಬಾ ನಿಂದ್ರಿಸಿದ್ರ
ಬ್ಯಾಸಗ್ಯಾಗ ಬಂದ ಮಂದಿ ಟಿಕೀಟ ತಗಸಿ
ಸವತೀಕಾಯಿ ನೋಡಬೇಕಾಗತೈತಿ.
ತೇಲೂ ಹಂಗ ಮಾಡ್ರಿ.
ಎಮ್ಮಿ ಮೇಯಾಕ ಕಟ್ಟಿದಂಗ,
ಹಗ್ಗಾ ಉದ್ದ ಬಿಡ್ರಿ.’
ಉಳಿದ ಪುಡಾ ಸೆರಗಿಗೆ ಕಟ್ಟಿಕೊಂಡು ಇಳಿದಳು.

ರಾತ್ರಿ ಆಫೀಸಿನಲ್ಲಿ ಕೂತು ತುಂಬಿದೆ.
ಎಷ್ಟು ಸಲ: ವರ್ಷಕ್ಕೆ ಒಂದು.
ಜೆಟ್ಟಿ: ತೇಲುವಂಥದು.
ಹಂಸದ ಸಾಲನ್ನು ಹೊಡೆದು ಹಾಕಿ, ಹೆದರಿ,
ಮತ್ತೆ ಬರೆದೆ, ಹನ್ನೆರಡರ ಜಾಗದಲ್ಲಿ ಎರಡು ಎಂದು.

ಮೇಲಿನವರು ಕೆಂಪು ಶಾಯಿಯಲ್ಲಿ ಕೇಳಬಹುದು,
ಈ ಆಳ ಯಾವ ಮಾನದಿಂದ ಅಳೆದದ್ದು?
ಖಾಲಿ ಕೋಣೆಯಲ್ಲಿ ಎದ್ದು ನಿಂತು ಕೈ ಚಾಚಿದೆ,
ಗೋಡೆಯಿಂದ ಕಪಾಟಿನ ತನಕ ನನ್ನ ಮಾರು.
ಒಂದು ಗೇಣು ಮಡಚಿಕೊಂಡೆ.
ಮೊದಲನೇ ಬಿಂದುವಿನಿಂದ
ಮತ್ತೆ ಗುಣಿಸತೊಡಗಿದೆ.